ಸೈಕಲ್ ಶಾಪ್ ಇಟ್ಟ ಮೇಲೂ ಸವಾರಿ ಉಳಿದೀತೇ?

ಪ್ರಶ್ನೆ: ನಾನು ಚಳ್ಳಕೆರೆಯ ಎಣ್ಣೆ ಗಿರಣಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಭಾನುವಾರ ಬೆಳಗಿನ ಜಾವ ನಾಲ್ಕೈದು ಗೆಳೆಯರು ಸೇರಿ ನಾಯಕನಹಟ್ಟಿ ಕಡೆಗೋ ತಳಕಿನ ಕಡೆಗೋ ಸೈಕಲ್ಲಿನಲ್ಲಿ ಹೋಗಿಬರುತ್ತೇವೆ. ರಿಪೇರಿ ಕೆಲಸವೂ ತಕ್ಕಮಟ್ಟಿಗೆ ಬರುತ್ತದೆ. ಊರಿನಲ್ಲಿ ಒಂದು ಸಣ್ಣ ಸೈಕಲ್ ಶಾಪ್ ಇಡಬೇಕೆಂದಿದ್ದೇನೆ. ಹೆಂಡತಿಯ ತವರು ಮೊಳಕಾಲ್ಮುರು. ಅಲ್ಲೂ ಒಂದು ಇಡಿ ಎಂದು ನಮ್ಮ ಮಾವನವರು ಹೇಳುತ್ತಾರೆ. ಅಂಗಡಿ ಇಟ್ಟ ಮೇಲೆ ಸವಾರಿ ಮರೆತುಬಿಡು ಎಂದು ಒಬ್ಬ ಗೆಳೆಯ ಹೇಳಿದರೆ, ದಿನವಿಡೀ ಸೈಕಲ್ ನಡುವೆಯೇ ಇರುತ್ತೀಯಲ್ಲ, ಇನ್ನೇನು ಬೇಕು ಎಂದು ಇನ್ನೊಬ್ಬ ಕೇಳುತ್ತಾನೆ. ಯಾರ ಮಾತು ಸರಿ? ಜೊತೆಗೆ ಒಂದು ಸಣ್ಣ ಸಂದೇಹ: 28 ಇಂಚಿನ ಟೈರು ಎಂದರೆ ಹಳೆಯ ಕಪ್ಪು ಸೈಕಲ್ಲಿಗೂ ಈಗಿನ ಹೈಬ್ರಿಡ್ ಸೈಕಲ್ಲಿಗೂ ಒಂದೇ ಏನು?
(ಒಬ್ಬ ಓದುಗರು, ಚಳ್ಳಕೆರೆ)

ಉತ್ತರ: ನೀವು ಈ ಪ್ರಶ್ನೆ ಕೇಳಿದ್ದು ಸಂತೋಷ. ಅಂಗಡಿ ಇಡಹೊರಟವರು ಬಂಡವಾಳ ಎಷ್ಟು ಬೇಕು, ಬಾಡಿಗೆ ಎಷ್ಟಾಗುತ್ತದೆ ಎಂದು ಕೇಳುವುದು ವಾಡಿಕೆ. ಇಷ್ಟಪಟ್ಟು ಮಾಡುತ್ತಿದ್ದ ಹವ್ಯಾಸವೊಂದು ಕೈತಪ್ಪೀತೇ ಎಂದು ಅಂಗಡಿಯ ಬಾಗಿಲು ತೆರೆಯುವ ಮೊದಲೇ ಯೋಚಿಸುವವರು ಕಡಿಮೆ. ನಿಮ್ಮ ಇಬ್ಬರು ಗೆಳೆಯರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ಸತ್ಯವಿದೆ, ಆದ್ದರಿಂದಲೇ ಗೊಂದಲವಾಗಿರುವುದು ಸಹಜ. ನಿಮ್ಮ ಸಂದೇಹವನ್ನು ಬಿಡಿಸಿ ನೋಡಿದರೆ ಅದರೊಳಗೆ ಮೂರು ಪ್ರಶ್ನೆಗಳಿವೆ: ಅಂಗಡಿ ಮತ್ತು ಸವಾರಿ ಎರಡಕ್ಕೂ ಹೊತ್ತು ಸಾಲುತ್ತದೆಯೇ, ಚಳ್ಳಕೆರೆಯಂಥ ಊರಿನಲ್ಲಿ ಸೈಕಲ್ ಅಂಗಡಿಯಿಂದ ಸಂಸಾರ ಸಾಗುತ್ತದೆಯೇ, ಮೊಳಕಾಲ್ಮುರಿಗೆ ಏನು ಮಾಡಬೇಕು. ಟೈರಿನ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ. ಅದು ನೀವು ಅಂದುಕೊಂಡಷ್ಟು ಸಣ್ಣ ಸಂದೇಹವಲ್ಲ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಿಕೊಳ್ಳೋಣ. ಸೈಕಲ್ ಅಂಗಡಿಯ ಕೆಲಸ ಸೈಕಲ್ ತುಳಿಯುವ ಕೆಲಸವಲ್ಲ. ಅದು ಕುಳಿತು, ಬಗ್ಗಿ, ಕೈಗೆ ಗ್ರೀಸು ಹಚ್ಚಿಕೊಂಡು ಮಾಡುವ ಕೆಲಸ. ಉಳಿದ ಹೊತ್ತಿನಲ್ಲಿ ಗಿರಾಕಿಯ ಜೊತೆ ಮಾತು, ಸಂಜೆ ಲೆಕ್ಕ. ದಿನವಿಡೀ ಸೈಕಲ್ಲುಗಳ ನಡುವೆ ಇದ್ದೂ ಒಂದು ಕಿಲೋಮೀಟರ್ ತುಳಿಯದೆ ಮನೆಗೆ ಹೋಗುವ ದಿನಗಳೇ ಹೆಚ್ಚಿರುತ್ತವೆ. ಆದ್ದರಿಂದ ಅಂಗಡಿ ಇಟ್ಟರೆ ಸವಾರಿ ತಾನಾಗಿ ಹೆಚ್ಚುತ್ತದೆ ಎಂದು ಎಣಿಸಬೇಡಿ. ಇನ್ನೊಂದು ಕಡೆಯಿಂದ, ತುಳಿಯುವುದರಲ್ಲಿ ನಿಮಗಿರುವ ಅನುಭವ ರಿಪೇರಿಯಲ್ಲಿ ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ. ಗೇರು ಏಕೆ ಜಾರುತ್ತಿದೆ, ಹ್ಯಾಂಡಲ್ ಏಕೆ ಒಂದು ಕಡೆಗೆ ಎಳೆಯುತ್ತಿದೆ ಎಂಬುದು ತುಳಿದವರ ಕಾಲಿಗೆ ಮತ್ತು ಕೈಗೆ ಬೇಗ ತಿಳಿಯುತ್ತದೆ. ಅಂದರೆ ಸವಾರಿಯಿಂದ ಅಂಗಡಿಗೆ ಲಾಭವಿದೆ. ಅಂಗಡಿಯಿಂದ ಸವಾರಿಗೆ ಲಾಭವಾಗಬೇಕಾದರೆ ಅದಕ್ಕೆ ನೀವೇ ಏರ್ಪಾಡು ಮಾಡಬೇಕು.

ಈ ಏರ್ಪಾಡನ್ನು ಚೆನ್ನಾಗಿ ಮಾಡಿಕೊಂಡವರ ಕಥೆಯೊಂದು ನೆನಪಾಗುತ್ತದೆ. ವಿಮಾನ ಹಾರಿಸಿದ ರೈಟ್ ಸಹೋದರರು ಮೊದಲು ಸೈಕಲ್ ಅಂಗಡಿಯವರು ಎಂಬುದು ನಿಮಗೆ ಗೊತ್ತಿರಬಹುದು. ಅಮೆರಿಕದ ಡೇಟನ್ ಊರಿನಲ್ಲಿ 1892ರಲ್ಲಿ ಇಬ್ಬರೂ ಒಂದೊಂದು ಸೈಕಲ್ ಕೊಂಡರು. ತಮ್ಮ ಆರ್ವಿಲ್‌ಗೆ ಪಂದ್ಯದ ಹುಚ್ಚು, ಅಣ್ಣ ವಿಲ್ಬರ್‌ಗೆ ಹಳ್ಳಿದಾರಿಗಳಲ್ಲಿ ನಿಧಾನವಾಗಿ ದೂರ ಹೋಗುವುದೇ ಇಷ್ಟ. ಗೆಳೆಯರು ತಮ್ಮ ಸೈಕಲ್ಲುಗಳನ್ನು ರಿಪೇರಿಗೆ ತಂದುಕೊಡತೊಡಗಿದಾಗ ಅದೇ ವರ್ಷದ ಕೊನೆಗೆ ಅಂಗಡಿ ಇಟ್ಟರು. ರಿಪೇರಿ, ಬಾಡಿಗೆ, ಮಾರಾಟ ಎಲ್ಲವೂ ನಡೆಯಿತು; 1896ರಿಂದ ಸ್ವಂತ ಸೈಕಲ್ಲುಗಳನ್ನೂ ತಯಾರಿಸಿದರು. 1899ರಲ್ಲಿ ಅಂಗಡಿಯಲ್ಲಿ ಗಿರಾಕಿಯೊಬ್ಬರ ಜೊತೆ ಮಾತನಾಡುತ್ತ ಟ್ಯೂಬಿನ ಖಾಲಿ ರಟ್ಟಿನ ಪೆಟ್ಟಿಗೆಯನ್ನು ವಿಲ್ಬರ್ ಸುಮ್ಮನೆ ತಿರುಚುತ್ತಿದ್ದಾಗ, ವಿಮಾನದ ರೆಕ್ಕೆಯನ್ನೂ ಹೀಗೆಯೇ ತಿರುಚಿ ಹತೋಟಿಯಲ್ಲಿ ಇಡಬಹುದೆಂಬ ಯೋಚನೆ ಹೊಳೆಯಿತು. ಇವೆಲ್ಲ ಎಲ್ಲರೂ ಹೇಳುವ ಸಂಗತಿಗಳು. ನಿಮಗೆ ಬೇಕಾದ ಸಂಗತಿ ಮುಂದಿನದು. ಸಮುದ್ರದ ದಂಡೆಯಲ್ಲಿ ಪ್ರಯೋಗ ಮಾಡಲು ವಾರಗಟ್ಟಲೆ ಹೊರಗಿರಬೇಕಾಗಿ ಬಂದಾಗ, 1901ರ ಜೂನಿನಲ್ಲಿ ಅವರು ಚಾರ್ಲಿ ಟೇಲರ್ ಎಂಬ ಮೆಕ್ಯಾನಿಕ್‌ನನ್ನು ಸಂಬಳಕ್ಕೆ ಇಟ್ಟುಕೊಂಡರು. ಅಂಗಡಿ ಅವನ ಕೈಯಲ್ಲಿ ನಡೆಯಿತು. ಮುಂದೆ 1903ರ ಡಿಸೆಂಬರ್ 17ರಂದು ಹಾರಿದ ವಿಮಾನದ ಎಂಜಿನನ್ನು ಕಟ್ಟಿದವನೂ ಅವನೇ. ಅವರ ಪ್ರಯೋಗಗಳ ಖರ್ಚೂ ಸೈಕಲ್ ಅಂಗಡಿಯ ಸಂಪಾದನೆಯಿಂದಲೇ ನಡೆಯಿತು. ಅಂಗಡಿ ಬಿಟ್ಟು ಹೋಗಬೇಕಾದ ಕೆಲಸವೊಂದಿದೆ ಎಂದು ಅವರಿಗೆ ಗೊತ್ತಿತ್ತು, ಅದಕ್ಕೆ ತಕ್ಕ ಮನುಷ್ಯನನ್ನು ಮೊದಲೇ ಹುಡುಕಿಟ್ಟರು. ನೀವು ವಿಮಾನ ಹಾರಿಸುತ್ತಿಲ್ಲ, ನಿಜ. ಭಾನುವಾರದ ಸವಾರಿಗೂ ಇದೇ ಮುನ್ನೆಚ್ಚರಿಕೆ ಬೇಕು.

ಈಗ ಹೊತ್ತಿನ ಪ್ರಶ್ನೆ. ಸಣ್ಣ ಊರಿನ ಸೈಕಲ್ ಶಾಪಿಗೆ ಗಿರಾಕಿಗಳು ಬರುವುದು ಎರಡು ಹೊತ್ತಿನಲ್ಲಿ. ಶಾಲೆಗೂ ಕೆಲಸಕ್ಕೂ ಹೊರಡುವ ಮುನ್ನ ಗಾಳಿ ಹೊಡೆಸಿಕೊಳ್ಳಲು, ಪಂಕ್ಚರ್ ಹಾಕಿಸಲು ಬೆಳಿಗ್ಗೆ ಒಂದು ಗುಂಪು. ಸಂಜೆ ಐದರಿಂದ ಎಂಟರವರೆಗೆ ಇನ್ನೊಂದು. ಮಧ್ಯಾಹ್ನ ಬಿಟ್ಟುಹೋದ ಸೈಕಲ್ಲುಗಳ ಕೆಲಸ ಮುಗಿಸುವ ಹೊತ್ತು. ಇದರಿಂದ ಸಂಜೆಯ ಸವಾರಿ ನಿಮಗೆ ಇಲ್ಲ ಎಂದೇ ತಿಳಿಯಿರಿ. ಉಳಿಯುವುದು ಬೆಳಗಿನ ಜಾವ. ನಿಮ್ಮ ಕಡೆ ಜೂನ್ ಆರಂಭದಲ್ಲಿ ಆರು ಗಂಟೆಗೆ ಮುನ್ನವೇ ಸೂರ್ಯ ಹುಟ್ಟುತ್ತಾನೆ, ಜನವರಿಯಲ್ಲಿ ಏಳಕ್ಕೆ ಹತ್ತು ನಿಮಿಷವಿರುವಾಗ. ಅಂಗಡಿಯನ್ನು ಒಂಬತ್ತಕ್ಕೆ ತೆರೆಯುವುದೆಂದು ಮೊದಲ ದಿನದಿಂದಲೇ ನಿಗದಿ ಮಾಡಿದರೆ ಬೇಸಿಗೆಯಲ್ಲಿ ಎರಡೂವರೆ ಗಂಟೆ, ಚಳಿಗಾಲದಲ್ಲಿ ಒಂದೂವರೆ ಗಂಟೆ ಸವಾರಿಗೆ ಸಿಗುತ್ತದೆ. ಹಾಗಾದರೆ ಬೆಳಗಿನ ಗಿರಾಕಿಯ ಗತಿ ಏನು ಎಂದು ನೀವು ಕೇಳಬಹುದು. ಅಂಗಡಿಯ ಮುಂದೆ ಸರಪಳಿ ಕಟ್ಟಿದ ಒಂದು ಕೈಪಂಪು ಇಟ್ಟುಬಿಡಿ, ಗಾಳಿ ಬೇಕಾದವರು ತಾವೇ ಹೊಡೆದುಕೊಳ್ಳಲಿ. ಎಂಟು ಗಂಟೆಗೆ ಬಂದು ಅರ್ಧ ಬಾಗಿಲು ತೆರೆದು ಪಂಕ್ಚರ್ ಮಾತ್ರ ಹಾಕಬಲ್ಲ ಹುಡುಗನೊಬ್ಬ ಸಿಕ್ಕರೆ ಇನ್ನೂ ಒಳ್ಳೆಯದು. ನಿಮ್ಮ ಚಾರ್ಲಿ ಟೇಲರ್ ಅವನೇ. ಅವನಿಗೆ ಹದಿನೆಂಟು ತುಂಬಿರಲಿ, ಕೂಲಿ ಸರಿಯಾಗಿ ಕೊಡಿ.

ವಾರದ ರಜೆಯ ವಿಷಯದಲ್ಲಿ ನನ್ನ ಅಭಿಪ್ರಾಯ ನಿಮಗೆ ಒಪ್ಪಿಗೆಯಾಗದಿರಬಹುದು. ಭಾನುವಾರ ಅಂಗಡಿ ಮುಚ್ಚಬೇಡಿ. ಮಕ್ಕಳಿಗೂ ಅವರ ಅಪ್ಪಂದಿರಿಗೂ ಬಿಡುವು ಸಿಗುವುದೇ ಅಂದು. ಹೊಸ ಸೈಕಲ್ ಕೊಳ್ಳುವ ಮಾತು ನಡೆಯುವುದೂ ಅಂದೇ. ಗೆಳೆಯರ ಜೊತೆಗಿನ ಸವಾರಿಯನ್ನು ಒಂಬತ್ತೂವರೆಗೆ ಮುಗಿಸಿ ಹತ್ತಕ್ಕೆ ಅಂಗಡಿ ತೆರೆಯಿರಿ. ಪೂರ್ತಿ ರಜೆಯನ್ನು ಮಂಗಳವಾರವೋ ಬುಧವಾರವೋ ಇಟ್ಟುಕೊಳ್ಳಿ. ಆ ದಿನ ರಸ್ತೆಯಲ್ಲಿ ನೀವೊಬ್ಬರೇ ಇರುತ್ತೀರಿ, ದೂರ ಹೋಗಲು ಅದೇ ಸರಿಯಾದ ದಿನ.

ವಾರಕ್ಕಿಂತ ಮುಖ್ಯವಾದದ್ದು ವರ್ಷದ ಲೆಕ್ಕ. ಚಳ್ಳಕೆರೆ ಸೀಮೆಯಲ್ಲಿ ಮಳೆ ವರ್ಷಕ್ಕೆ 500 ಮಿಲಿಮೀಟರಿನ ಆಸುಪಾಸು, ರಾಜ್ಯದಲ್ಲೇ ಅತಿ ಕಡಿಮೆ ಬೀಳುವ ತಾಲೂಕುಗಳಲ್ಲಿ ಒಂದು. ಹಾಗಾಗಿ ಮಳೆಯಿಂದ ಸವಾರಿ ತಪ್ಪುವ ದಿನಗಳು ಬೆರಳೆಣಿಕೆಯಷ್ಟು. ತೊಂದರೆ ಕೊಡುವುದು ಗಾಳಿ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲಾಗಿ ನಿಂತಿರುವುದು ಸುಮ್ಮನೆ ಅಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಮುಂಗಾರಿನ ಗಾಳಿ ಪಶ್ಚಿಮ ಮತ್ತು ನೈಋತ್ಯದಿಂದ ಬಯಲಿನಲ್ಲಿ ಬೀಸುತ್ತಲೇ ಇರುತ್ತದೆ. ನಾಯಕನಹಟ್ಟಿ ನಿಮ್ಮೂರಿಗೆ ವಾಯವ್ಯದಲ್ಲಿದೆ. ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನಿನ ಕಡೆಯಿಂದ. ತಳಕು, ಬಿ.ಜಿ. ಕೆರೆ ಕಡೆಯ ದಾರಿ ಉತ್ತರಕ್ಕಿದೆ. ಅಲ್ಲಿ ಹೋಗುವಾಗ ಸುಲಭ, ದಣಿದು ಹಿಂದಿರುಗುವಾಗ ಕಷ್ಟ. ಮುಂಗಾರಿನ ತಿಂಗಳುಗಳಲ್ಲಿ ಅಂಗಡಿಗೆ ಹೊತ್ತಿಗೆ ಸರಿಯಾಗಿ ಮುಟ್ಟಬೇಕಾದ ದಿನ ನಾಯಕನಹಟ್ಟಿಯ ದಾರಿಯನ್ನೇ ಆರಿಸಿಕೊಳ್ಳಿ. ಆ ದಾರಿಯಲ್ಲಿ ಕುದಾಪುರದ ಸುತ್ತಮುತ್ತ ಅಮೃತ ಮಹಲ್ ಕಾವಲಿನ ಹುಲ್ಲುಗಾವಲು ಈಗ ಭಾರತೀಯ ವಿಜ್ಞಾನ ಸಂಸ್ಥೆಗೂ ರಕ್ಷಣಾ ಸಂಶೋಧನಾ ಸಂಸ್ಥೆಗೂ ಹೋಗಿದೆ, ಗೋಡೆ ಬೇಲಿಗಳು ಎದ್ದಿವೆ. ಹಳೆಯ ಒಳದಾರಿಗಳನ್ನು ನಂಬಿಕೊಂಡು ಹೊರಡಬೇಡಿ. ಫಾಲ್ಗುಣದಲ್ಲಿ ತಿಪ್ಪೇರುದ್ರಸ್ವಾಮಿಯ ಜಾತ್ರೆಯ ವಾರ ಆ ರಸ್ತೆ ಕಾಲ್ನಡಿಗೆಯವರಿಗೆ ಬಿಟ್ಟುಕೊಡುವುದು ಲೇಸು.

ಅಂಗಡಿಗೆ ಕೆಲಸ ಮುತ್ತಿಕೊಳ್ಳುವ ಕಾಲವೂ ಗೊತ್ತಿರುವುದೇ. ಮೇ ಕೊನೆ ಮತ್ತು ಜೂನ್, ಶಾಲೆ ತೆರೆಯುವ ದಿನಗಳು. (ಜೂನ್ 3 ವಿಶ್ವ ಸೈಕಲ್ ದಿನ. ಅಂದು ಜಾಥಾಕ್ಕೆ ಕರೆದರೂ ನಿಮಗೆ ಪುರಸೊತ್ತಿರುವುದಿಲ್ಲ.) ಆಮೇಲೆ ಆಯುಧಪೂಜೆಯ ಹಿಂದಿನ ವಾರ. ಶೇಂಗಾ ಕಿತ್ತು ಮಾರಿ ಕೈಗೆ ದುಡ್ಡು ಬರುವ ಅಕ್ಟೋಬರ್, ನವೆಂಬರ್ ಇನ್ನೊಂದು ಸುಗ್ಗಿ. ಇದರ ಜೊತೆಗೆ ನಿಮ್ಮ ಸೀಮೆಗೇ ವಿಶೇಷವಾದ ಕೆಲಸವೊಂದು ವರ್ಷವಿಡೀ ಇರುತ್ತದೆ: ಮುಳ್ಳು. ರಸ್ತೆ ಬದಿಯ ಬಳ್ಳಾರಿ ಜಾಲಿ ಕಡಿದು ಹಾಕಿದಾಗ ಬೀಳುವ ಮುಳ್ಳು, ಮಳೆಗಾಲ ಮುಗಿದ ಮೇಲೆ ಒಣಗಿ ನೆಲಕ್ಕೆ ಹರಡುವ ನೆಗ್ಗಿಲು ಮುಳ್ಳು, ಎರಡೂ ಟ್ಯೂಬಿಗೆ ಶತ್ರುಗಳು. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಬೆಳಗಿನ ತಂಪಿದೆ, ಗಾಳಿ ಇಳಿದಿರುತ್ತದೆ, ಅಂಗಡಿಯ ಒತ್ತಡವೂ ಕಡಿಮೆ. ನಿಮ್ಮ ದೊಡ್ಡ ಸವಾರಿಗಳನ್ನೆಲ್ಲ ಆ ಮೂರು ತಿಂಗಳಿಗೆ ಕೂಡಿಡಿ. ಹದಿಮೂರೂವರೆ ಗಂಟೆಯೊಳಗೆ 200 ಕಿಲೋಮೀಟರ್ ತುಳಿಯುವ ಬ್ರೆವೆ ಸವಾರಿಗಳ ಬಗ್ಗೆ ಕೇಳಿರುತ್ತೀರಿ. ಅಂಥದ್ದಕ್ಕೆ ಹೋಗಬೇಕೆಂದಿದ್ದರೆ ಈ ಕಾಲದಲ್ಲಿ ಹೋಗಿ. ಜೂನಿನಲ್ಲಿ ಒಂದು ವಾರ ಸವಾರಿ ತಪ್ಪಿದರೆ ಅದಕ್ಕಾಗಿ ಕೊರಗುವುದು ಬೇಡ, ಅದು ಕೆಲಸದ ತಿಂಗಳು.

ಎರಡನೆಯ ಪ್ರಶ್ನೆ ಹಣದ್ದು. ನೀವು ಲೆಕ್ಕ ಬರೆಯುವವರು, ಆದ್ದರಿಂದ ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಸೈಕಲ್ ಸವಾರರು ಅಂಗಡಿ ಇಡುವಾಗ ತಮಗೆ ಇಷ್ಟವಾದ ಸೈಕಲ್ಲುಗಳನ್ನೇ ತಂದು ನಿಲ್ಲಿಸುವುದುಂಟು. ಬೆಂಗಳೂರಿನ ಜಯನಗರದಲ್ಲಿ ಸವಾರರೇ ಕಟ್ಟಿದ ಬಮ್ಸ್ ಆನ್ ದ ಸ್ಯಾಡಲ್‌ನಂಥ ಅಂಗಡಿ ನಡೆಯುತ್ತದೆ, ಏಕೆಂದರೆ ಅಲ್ಲಿ ಗೇರಿನ ಸೈಕಲ್ಲಿಗೆ ದೊಡ್ಡ ಮೊತ್ತ ಕೊಡುವ ಹವ್ಯಾಸಿಗಳು ಬೇಕಾದಷ್ಟು ಜನ ಇದ್ದಾರೆ. ವಿಜಯಪುರ, ಬಾಗಲಕೋಟೆ ಕಡೆ ಕ್ರೀಡಾ ವಸತಿನಿಲಯಗಳಿಂದ ಬೆಳೆದ ಪಂದ್ಯದ ಸವಾರರಿದ್ದಾರೆ. ಚಳ್ಳಕೆರೆಯ ಗಿರಾಕಿ ಬೇರೆ: ಶಾಲೆಯ ಮಗು, ಹೊಲಕ್ಕೆ ಹೋಗುವ ರೈತ, ಗಿರಣಿಯ ಕೂಲಿಯಾಳು, ಕ್ಯಾರಿಯರ್ ಮೇಲೆ ಮೂಟೆ ಕಟ್ಟಿಕೊಂಡು ಬರುವ ವ್ಯಾಪಾರಿ. 2006-07ರಿಂದ ಹಲವು ವರ್ಷ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ ಕೊಟ್ಟಾಗ ಮನೆಮನೆಗೆ ಸೈಕಲ್ ಬಂತು; ಕೊರೋನಾ ಬಂದ ಮೇಲೆ ಆ ಯೋಜನೆ ನಿಂತಿತು. ಮೂಲೆ ಸೇರಿದ ಅಂಥ ಸೈಕಲ್ಲುಗಳನ್ನು ಓಡುವಂತೆ ಮಾಡಿಕೊಡುವುದೂ ನಿಮಗೆ ಒಂದು ಕೆಲಸ. ಕುದಾಪುರದ ಸಂಸ್ಥೆಗಳಿಂದ ಗೇರಿನ ಸೈಕಲ್ ತರುವವರೂ ಆಗೀಗ ಬರಬಹುದು, ಬಂದರೆ ಒಳ್ಳೆಯದೇ. ಅವರನ್ನೇ ನೆಚ್ಚಿಕೊಂಡು ಅಂಗಡಿ ಇಡಲಾಗದು.

ಒಂದು ಲೆಕ್ಕ ಹಾಕೋಣ. ಅಂಕಿಗಳು ಹಾದಿ ತೋರಿಸಲು ಮಾತ್ರ, ನಿಮ್ಮೂರಿನ ದರ ಹಾಕಿಕೊಂಡು ತಿದ್ದಿಕೊಳ್ಳಿ. ಮಳಿಗೆಯ ಬಾಡಿಗೆ, ವಿದ್ಯುತ್ ಸೇರಿ ತಿಂಗಳಿಗೆ 5,000 ರೂಪಾಯಿ, ಮನೆಗೆ 18,000 ಬೇಕು ಎಂದುಕೊಳ್ಳಿ. ಒಟ್ಟು 23,000. ತಿಂಗಳಿಗೆ 25 ದಿನ ಕೆಲಸವೆಂದರೆ ದಿನಕ್ಕೆ 920 ರೂಪಾಯಿ ಉಳಿಯಬೇಕು. ಒಂದು ಪಂಕ್ಚರಿಗೆ 40 ರೂಪಾಯಿ ತೆಗೆದುಕೊಂಡು ಸಲ್ಯೂಷನ್ನು, ರಬ್ಬರು ಕಳೆದರೆ 35. ಎಂಟು ಪಂಕ್ಚರಿಗೆ 280. ಒಂದು ಓವರಾಲಿಂಗ್‌ಗೆ 450 ತೆಗೆದುಕೊಂಡು ಗ್ರೀಸು, ಬಾಲ್ಸು ಕಳೆದರೆ 380. ಟ್ಯೂಬು, ಬ್ರೇಕ್ ರಬ್ಬರು, ಚೈನು ಮಾರಿದ್ದರಲ್ಲಿ 150. ಎಲ್ಲ ಸೇರಿ 810. ಇನ್ನೂ 110 ಕಡಿಮೆ ಬಿತ್ತು. ಈಗ 6,000 ರೂಪಾಯಿಯ ಹೊಸ ಸೈಕಲ್ಲಿಗೆ ನಿಮಗೆ 600 ಉಳಿಯುತ್ತದೆ ಎಂದುಕೊಳ್ಳಿ. ತಿಂಗಳಿಗೆ ಐದು ಮಾರಿದರೆ 3,000, ದಿನಕ್ಕೆ 120. ಅಲ್ಲಿಗೆ ಲೆಕ್ಕ ಸರಿಹೋಯಿತು. ಎರಡು ಓವರಾಲಿಂಗ್ ಒಂದು ಹೊಸ ಸೈಕಲ್ಲಿಗಿಂತ ಹೆಚ್ಚು ಕೊಡುತ್ತದೆ, ಅದಕ್ಕೆ ಬಂಡವಾಳ ಹೂಡಬೇಕಾಗಿಲ್ಲ ಎಂಬುದನ್ನು ಗಮನಿಸಿ. ಆದ್ದರಿಂದ ನನ್ನ ಸಲಹೆ ಸ್ಪಷ್ಟ: ರಿಪೇರಿ ಮತ್ತು ಬಿಡಿಭಾಗಗಳಿಂದ ಆರಂಭಿಸಿ, ಹೊಸ ಸೈಕಲ್ಲುಗಳು ಮೊದಲ ವರ್ಷ ನಾಲ್ಕಾರು ಇದ್ದರೆ ಸಾಕು. ಲೂಧಿಯಾನದಲ್ಲಿ 1956ರಲ್ಲಿ ಸೈಕಲ್ ಕಾರ್ಖಾನೆ ತೆರೆದ ಹೀರೋ ಕಂಪನಿಯ ಮುಂಜಾಲ್ ಸಹೋದರರೂ ಅದಕ್ಕೆ ಮೊದಲು ಸೈಕಲ್ಲಿನ ಬಿಡಿಭಾಗಗಳನ್ನು ಮಾರುತ್ತಿದ್ದವರೇ.

ಇದೇ ಲೆಕ್ಕವನ್ನು ಹೊತ್ತಿಗೂ ಹಾಕಿ ನೋಡಿ. ಪಂಕ್ಚರಿಗೆ ಕಾಲು ಗಂಟೆಯಂತೆ ಎರಡು ಗಂಟೆ, ಓವರಾಲಿಂಗ್‌ಗೆ ಮೂರು ಗಂಟೆ, ಗಾಳಿ ಮಾತುಕತೆ ಚಿಲ್ಲರೆ ಕೆಲಸಕ್ಕೆ ಇನ್ನೆರಡು ಗಂಟೆ. ಏಳು ಗಂಟೆಯ ಕೆಲಸ ಒಂಬತ್ತರಿಂದ ಎಂಟರೊಳಗೆ ಆರಾಮವಾಗಿ ಹಿಡಿಯುತ್ತದೆ. ಬೆಳಗಿನ ಜಾವವನ್ನು ಅಂಗಡಿಗೆ ಕೊಡಬೇಕಾದ ಅಗತ್ಯ ಬರುವುದಿಲ್ಲ. ಒಪ್ಪಿಕೊಂಡ ಕೆಲಸವನ್ನು ಹೇಳಿದ ದಿನ ಮುಗಿಸದೆ ಸೈಕಲ್ಲುಗಳು ಅಂಗಡಿಯಲ್ಲಿ ರಾಶಿ ಬಿದ್ದಾಗ ಮಾತ್ರ ಅವು ಬೆಳಗಿನ ಹೊತ್ತಿಗೂ ಕೈ ಹಾಕುತ್ತವೆ. ಪ್ರತಿ ಸೈಕಲ್ಲಿಗೂ ಚೀಟಿ ಕಟ್ಟಿ ಕೊಡುವ ದಿನ ಬರೆದಿಡಿ.

ಕಾಗದ ಪತ್ರದ ವಿಷಯವನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಚಳ್ಳಕೆರೆಯಲ್ಲಿ ನಗರಸಭೆಯಿಂದ ಉದ್ದಿಮೆ ಪರವಾನಗಿ ಬೇಕು. ಉದ್ಯಮ್ ನೋಂದಣಿ ಉಚಿತ. ಬಂಡವಾಳಕ್ಕೆ 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯಲ್ಲಿ ಶಿಶು ವರ್ಗದಲ್ಲಿ 50,000 ರೂಪಾಯಿವರೆಗೆ, ಕಿಶೋರ ವರ್ಗದಲ್ಲಿ 5 ಲಕ್ಷದವರೆಗೆ ಬ್ಯಾಂಕಿನಲ್ಲಿ ಕೇಳಬಹುದು. ರಿಪೇರಿ ಅಂಗಡಿಯ ಸಲಕರಣೆಗೆ ಮೊದಲನೆಯದೇ ಹೆಚ್ಚುಕಡಿಮೆ ಸಾಲುತ್ತದೆ. ಜಿಎಸ್‌ಟಿ ಬಗ್ಗೆ ಅನೇಕರಿಗೆ ತಪ್ಪು ಕಲ್ಪನೆ ಇದೆ. ಮಿತಿ ಎನ್ನುವುದು ಲಾಭಕ್ಕಲ್ಲ, ವರ್ಷದ ಒಟ್ಟು ವಹಿವಾಟಿಗೆ. ಸರಕು ಮಾತ್ರ ಮಾರುವವರಿಗೆ ಕರ್ನಾಟಕದಲ್ಲಿ ಅದು 40 ಲಕ್ಷ. ರಿಪೇರಿ ಒಂದು ಸೇವೆ, ಅದೂ ಸೇರಿದರೆ 20 ಲಕ್ಷ. ಸೈಕಲ್ಲಿನ ಮೇಲಿನ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇಕಡ 12ರಿಂದ 5ಕ್ಕೆ ಇಳಿದಿದೆ.

ಇಷ್ಟಾದ ಮೇಲೂ ಸವಾರಿಗೆ ಇನ್ನೊಂದು ಅಪಾಯ ಉಳಿಯುತ್ತದೆ, ಹೆಚ್ಚಿನವರು ಎಡವುವುದು ಇಲ್ಲಿಯೇ. ಹೊತ್ತು ಸಿಕ್ಕರೂ ಸವಾರಿ ಸವಾರಿಯಾಗಿ ಉಳಿಯದೆ ಅಂಗಡಿಯ ಇನ್ನೊಂದು ಕೆಲಸವಾಗಿಬಿಡಬಹುದು. ಅಂಗಡಿಯ ಹೆಸರಿನ ಬನಿಯನ್ ಹಾಕಿಕೊಂಡು ಹೋಗುವುದು, ಗೆಳೆಯನ ಚೈನಿನ ಸದ್ದು ಕೇಳಿ ನಾಳೆ ಅಂಗಡಿಗೆ ತಾ ಎನ್ನುವುದು, ದಾರಿಯಲ್ಲಿ ಎಲ್ಲರ ಪಂಕ್ಚರಿಗೂ ನೀವೇ ಕೂರುವುದು. ಆರು ತಿಂಗಳಲ್ಲಿ ಗೆಳೆಯರು ಗಿರಾಕಿಗಳಾಗುತ್ತಾರೆ, ಭಾನುವಾರ ಬೆಳಿಗ್ಗೆ ಏಳಲು ನಿಮಗೇ ಬೇಸರವಾಗುತ್ತದೆ. ಇದನ್ನು ತಡೆಯಲು ಕಟ್ಟುನಿಟ್ಟಾದ ಎರಡು ಪದ್ಧತಿ ಬೇಕು. ನಿಮ್ಮ ಸ್ವಂತ ಸೈಕಲ್ ಮನೆಯಲ್ಲಿರಲಿ, ಅಂಗಡಿಗೆ ಬರುವುದೇ ಬೇಡ. ಬಂದರೆ ಯಾರೋ ಒಬ್ಬರು ಬೆಲೆ ಕೇಳುತ್ತಾರೆ, ತುರ್ತಿಗೆ ಅದರ ಚಕ್ರ ಬಿಚ್ಚಿ ಇನ್ನೊಂದಕ್ಕೆ ಹಾಕುವ ದಿನವೂ ಬರುತ್ತದೆ. ಅದಕ್ಕೆ ಹಾಕುವ ಟೈರು, ಚೈನುಗಳನ್ನು ಅಂಗಡಿಯ ದಾಸ್ತಾನಿನಿಂದ ತೆಗೆದಾಗ ಖರೀದಿ ದರಕ್ಕೆ ನಿಮ್ಮ ಹೆಸರಿನಲ್ಲಿ ಖರ್ಚು ಬರೆಯಿರಿ. ಎರಡನೆಯದು, ಭಾನುವಾರದ ಗುಂಪಿನಲ್ಲಿ ಪ್ರತಿಯೊಬ್ಬರೂ ತಮ್ಮ ಪಂಕ್ಚರ್ ತಾವೇ ಹಾಕಲು ಕಲಿಯಲಿ. ನೀವೇ ಕಲಿಸಿ. ಗಿರಾಕಿ ಕೈತಪ್ಪಿದಂತೆ ಕಾಣಬಹುದು. ಟ್ಯೂಬು, ಪಂಪು, ಲಿವರ್ ಕೊಳ್ಳಲು ಅವರು ಬರುವುದು ನಿಮ್ಮ ಅಂಗಡಿಗೇ.

ಇನ್ನು ಮೊಳಕಾಲ್ಮುರು. ಮಾವನವರ ಮಾತನ್ನು ತಳ್ಳಿಹಾಕಬೇಡಿ, ಹಾಗೆಂದು ಎರಡನೆಯ ಅಂಗಡಿಯನ್ನೂ ಇಡಬೇಡಿ. ಚಳ್ಳಕೆರೆಯಿಂದ ತಳಕು, ಬಿ.ಜಿ. ಕೆರೆ, ಹಾನಗಲ್ ಮೇಲೆ ಹೋದರೆ ಹೆಚ್ಚುಕಡಿಮೆ ಐವತ್ತು ಕಿಲೋಮೀಟರ್ ದೂರ. ಎರಡು ಊರಿನ ಬಾಡಿಗೆ, ಎರಡು ಕಡೆ ದಾಸ್ತಾನು, ನಿತ್ಯ ಓಡಾಟ ಸೇರಿದರೆ ಬೆಳಗಿನ ಜಾವವೂ ಹೋಗುತ್ತದೆ, ಉಳಿತಾಯವೂ ಹೋಗುತ್ತದೆ. ಬದಲಿಗೆ ವಾರಕ್ಕೆ ಒಂದು ದಿನ, ಗೊತ್ತುಪಡಿಸಿದ ದಿನ, ಮಾವನವರ ಮನೆಯ ಜಗುಲಿಯಲ್ಲಿ ಅಥವಾ ಪರಿಚಯದವರ ಮಳಿಗೆಯ ಮುಂದೆ ಕೂತು ರಿಪೇರಿ ಮಾಡಿ. ಮಗ್ಗದ ಮನೆಗಳ ಊರು ಅದು. 2011ರಲ್ಲಿ ಭೌಗೋಳಿಕ ಗುರುತು ಪಡೆದ ರೇಷ್ಮೆ ಸೀರೆಯ ಊರು. ಮಗ್ಗ ಬಿಟ್ಟು ದೂರದ ಅಂಗಡಿಗೆ ಹೋಗಲು ನೇಕಾರರಿಗೆ ಹೊತ್ತಿರುವುದಿಲ್ಲ. ನೀವು ಇಂಥ ದಿನ ಬರುತ್ತೀರಿ ಎಂದು ಗೊತ್ತಾದರೆ ಸೈಕಲ್ಲನ್ನು ಆ ದಿನಕ್ಕೆ ತೆಗೆದಿಡುತ್ತಾರೆ. ಗಡಿಯ ಆಚೆಯ ರಾಯದುರ್ಗದಿಂದಲೂ ಕೆಲವರು ಬಂದಾರು, ಅವರ ಜೊತೆ ತೆಲುಗಿನಲ್ಲಿ ಮಾತಾಡುವುದು ನಿಮ್ಮ ಸೀಮೆಯವರಿಗೆ ಹೊಸದಲ್ಲ. ಹೊಸ ಸೈಕಲ್ಲನ್ನು ರಾಯದುರ್ಗಕ್ಕೆ ನೀವೇ ಸಾಗಿಸಿ ಮಾರಲು ಮಾತ್ರ ಹೋಗಬೇಡಿ. ಅದು ಅಂತರರಾಜ್ಯ ಮಾರಾಟವಾಗುತ್ತದೆ, ಅಲ್ಲಿ ಮೇಲೆ ಹೇಳಿದ ವಹಿವಾಟಿನ ಮಿತಿಯ ವಿನಾಯಿತಿ ಸಿಗುವುದಿಲ್ಲ. ಒಂದು ವರ್ಷ ಹೀಗೆ ನಡೆಸಿ ನೋಡಿದರೆ ಅಲ್ಲಿ ಅಂಗಡಿಗೆ ಸಾಕಾಗುವಷ್ಟು ಕೆಲಸ ಇದೆಯೋ ಇಲ್ಲವೋ ನಿಮ್ಮ ಪುಸ್ತಕವೇ ಹೇಳುತ್ತದೆ.

ಆ ದಿನ ಸೈಕಲ್ಲಿನಲ್ಲೇ ಹೋಗಬಹುದಲ್ಲ ಎಂಬ ಆಸೆ ನಿಮಗೆ ಬಂದೇ ಬರುತ್ತದೆ. ಸಲಕರಣೆಗಳ ಇನ್ನೊಂದು ಜೊತೆಯನ್ನು ಮಾವನವರ ಮನೆಯಲ್ಲಿ ಇಟ್ಟರೆ ಚಳಿಗಾಲದಲ್ಲಿ ತಿಂಗಳಿಗೊಮ್ಮೆ ಹೋಗಬಹುದು. ಅಂದು ರಾತ್ರಿ ಅಲ್ಲೇ ಉಳಿಯಿರಿ. ಐವತ್ತು ಕಿಲೋಮೀಟರ್ ತುಳಿದು, ದಿನವಿಡೀ ಬಗ್ಗಿ ಕೆಲಸ ಮಾಡಿ, ಕತ್ತಲಲ್ಲಿ ಲಾರಿಗಳು ಓಡಾಡುವ ಬಳ್ಳಾರಿ ಹೆದ್ದಾರಿಯಲ್ಲಿ ಹಿಂದಿರುಗುವುದು ಬೇಡ. ಉಳಿದರೆ ಮರುದಿನ ಬೆಳಿಗ್ಗೆ ನಿಮಗೊಂದು ಬಹುಮಾನ ಕಾದಿರುತ್ತದೆ. ಅದೇ ತಾಲೂಕಿನ ಬ್ರಹ್ಮಗಿರಿ, ಅಶೋಕ ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. ಬಿ.ಎಲ್. ರೈಸ್ ಅವನ್ನು 1892ರಲ್ಲಿ ಬೆಳಕಿಗೆ ತಂದರು. ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ಮಾಡಿಸಿದರು. ಆ ಬಂಡೆಗಳ ಮೇಲಿರುವುದು ಇಸಿಲ ಎಂಬ ಊರಿನ ಅಧಿಕಾರಿಗಳಿಗೆ ಕಳಿಸಿದ ಆಜ್ಞೆ, ಇಪ್ಪತ್ತೆರಡು ಶತಮಾನಗಳಿಗೂ ಹಿಂದಿನದು. ಬಂಡೆಗುಡ್ಡಗಳ ನಡುವಿನ ಆ ಹಳ್ಳಿದಾರಿ ಸೈಕಲ್ಲಿಗೆ ಹೇಳಿಮಾಡಿಸಿದಂತಿದೆ. ಯಾರಿಗೂ ಏನನ್ನೂ ಮಾರಬೇಕಾಗಿಲ್ಲದ ಇಂಥ ಸವಾರಿಗಳನ್ನು ದಯವಿಟ್ಟು ಬಿಡಬೇಡಿ.

ಕೊನೆಗೆ ಟೈರು. ನಿಮ್ಮ ಪ್ರಶ್ನೆಗೆ ಉತ್ತರ: ಒಂದೇ ಅಲ್ಲ. ಹಳೆಯ ಕಪ್ಪು ಸೈಕಲ್ಲಿನ 28×1½ ಟೈರು ಕೂರುವ ರಿಮ್ಮಿನ ವ್ಯಾಸ 635 ಮಿಲಿಮೀಟರ್. ಹೈಬ್ರಿಡ್ ಮತ್ತು ರೋಡ್ ಸೈಕಲ್ಲುಗಳ 700ಸಿ ಟೈರಿನದು 622. ಇದನ್ನೂ ಕೆಲವು ಕಂಪನಿಗಳು 28 ಎಂದೇ ಅಚ್ಚು ಹಾಕುತ್ತವೆ. ವ್ಯತ್ಯಾಸ 13 ಮಿಲಿಮೀಟರ್ ಮಾತ್ರ, ಆದರೂ ಒಂದರದು ಇನ್ನೊಂದಕ್ಕೆ ಕೂರುವುದಿಲ್ಲ. ವಿಚಿತ್ರವೆಂದರೆ 29 ಇಂಚು ಎಂದು ಕರೆಯುವ ದಪ್ಪ ಟೈರಿನ ಸೈಕಲ್ಲಿನದೂ 622ರ ರಿಮ್ಮೇ. 26ರಲ್ಲೂ ಇದೇ ಗೊಂದಲ: 26×1⅜ ಎಂದರೆ 590, ಎಂಟಿಬಿಯ 26×1.95 ಎಂದರೆ 559. ಭಿನ್ನರಾಶಿಯಲ್ಲಿ ಬರೆದ ಅಳತೆಗೂ ದಶಮಾಂಶದಲ್ಲಿ ಬರೆದ ಅಳತೆಗೂ ಸಾಮಾನ್ಯವಾಗಿ ಹೊಂದಾಣಿಕೆಯಿಲ್ಲ ಎಂದು ನೆನಪಿಟ್ಟುಕೊಳ್ಳಿ. ಟೈರಿನ ಪಕ್ಕದಲ್ಲಿ 40-635, 37-622 ಎಂಬಂತೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಅಳತೆ ಅಚ್ಚಾಗಿರುತ್ತದೆ. ಮೊದಲನೆಯದು ಟೈರಿನ ಅಗಲ, ಎರಡನೆಯದು ರಿಮ್ಮಿನ ವ್ಯಾಸ. ದಾಸ್ತಾನಿನ ಪುಸ್ತಕದಲ್ಲಿ ಇಂಚು ಬರೆಯದೆ ಈ ಎರಡನೆಯ ಅಂಕಿಯ ಪ್ರಕಾರವೇ ಟೈರುಗಳನ್ನು ವಿಂಗಡಿಸಿ ಬರೆಯಿರಿ, ಗಿರಾಕಿ ಫೋನಿನಲ್ಲಿ ಟೈರು ಕೇಳಿದಾಗಲೂ ಅದನ್ನೇ ಓದಿ ಹೇಳಲು ಕೇಳಿ.